ಯಾರ ಕರುವಿನ ಹಾಲು

ಹಸುಗಳ ಮೈಬಣ್ಣ ಎಷ್ಟೇ ಬಗೆಯದಾಗಿದ್ದರೂ ಹಾಲಿನ ಬಣ್ಣ ಒಂದೇ ಎಂದು ತೋರಿಸಿ, ಹೊರಗಿನ ಗುರುತುಗಳು ನೂರಾದರೂ ಒಳಗಿನ ಅರಿವು ಒಂದೇ ಎನ್ನುತ್ತದೆ ಅಮೃತಬಿಂದು ಉಪನಿಷತ್ತು. ಉಪನಿಷತ್ತಿನ ಹೆಸರನ್ನೇ ಕೇಳದ ನಮ್ಮ ಹಳ್ಳಿಯವರೂ ಆಕಳು ಕಪ್ಪಾದರೆ ಹಾಲು ಕಪ್ಪೇ ಎಂದು ಗಾದೆ ಕಟ್ಟಿಕೊಂಡಿದ್ದಾರೆ. ನಂದಿಬೆಟ್ಟದ ತಪ್ಪಲಿನ ಒಂದು ಹಾಲು ಉತ್ಪಾದಕರ ಸಂಘದಲ್ಲಿ ಕಾರ್ಯದರ್ಶಿಯಾಗಿ ಬಾಳಿನ ಬಹುಪಾಲು ಕಳೆದ ನಾನು ಈ ಮಾತನ್ನು ಕಣ್ಣಾರೆ ಕಂಡಿದ್ದೇನೆ. ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿಯದ ಮನೆಗಳ ಹಾಲು ನನ್ನೆದುರೇ ಒಂದೇ ಕ್ಯಾನಿಗೆ ಬಿದ್ದಿದೆ. ಸಾಲಿನಲ್ಲಿ ಮೊದಲು ಬಂದವರ ಹಾಲು ಮೊದಲು, ಅಷ್ಟೆ. ಗುಜರಾತಿನ ಕೈರಾ ಜಿಲ್ಲೆಯಲ್ಲಿ 1946ರಲ್ಲಿ ಶುರುವಾಗಿ 1970ರ ದಶಕದಲ್ಲಿ ನಮ್ಮ ರಾಜ್ಯದ ಹಳ್ಳಿಗಳಿಗೂ ಹಬ್ಬಿದ ಆ ಹಾಲು ಸಹಕಾರ ಸಂಘಗಳ ಪದ್ಧತಿ, ಎಷ್ಟೋ ಗುಡಿಗಳಲ್ಲಿ ಆಗದ್ದನ್ನು ಡೈರಿ ಜಗಲಿಯ ಮೇಲೆ ಮಾಡಿ ತೋರಿಸಿತು.

ಆದರೆ ಉಪನಿಷತ್ತಿನ ಋಷಿ ಹಾಲನ್ನು ಕಣ್ಣಿನಿಂದ ನೋಡಿದರು. ನನ್ನದು ಮೂಗು, ನಾಲಿಗೆಯ ಕೆಲಸ.

ಲ್ಯಾಕ್ಟೋಮೀಟರ್ ಇಳಿಬಿಡುವುದಕ್ಕೂ ಮೊದಲು ಹಾಲನ್ನು ಮೂಸಬೇಕು. ಕೋಸು ಕೊಯ್ದ ಹೊಲದಲ್ಲಿ ಉಳಿದ ಎಲೆ ಮೇಯ್ದು ಬಂದ ಹಸುವಿನ ಹಾಲಿಗೆ ಕೋಸಿನದೇ ಘಾಟು. ಈರುಳ್ಳಿ ಸೊಪ್ಪಿನ ವಾಸನೆ ಹೊಟ್ಟೆಯ ದಾರಿಯಲ್ಲೂ ಬರುತ್ತದೆ, ಉಸಿರಿನ ದಾರಿಯಲ್ಲೂ ರಕ್ತ ಸೇರಿ ಕೆಚ್ಚಲಿಗೆ ಇಳಿಯುತ್ತದೆ. ಅಂಥ ಮೇವನ್ನು ಹಾಲು ಕರೆದ ಮೇಲೆ ಹಾಕಿ ಎಂದು ಹೇಳುವುದು ಅದಕ್ಕೇ. ಹಸಿ ಹುಲ್ಲು ಚೆನ್ನಾಗಿ ಸಿಕ್ಕಿದ ದಿನಗಳಲ್ಲಿ ಹಸುವಿನ ಹಾಲು ತುಸು ಹಳದಿಗೆ ತಿರುಗುತ್ತದೆ. ಹುಲ್ಲಿನ ಕ್ಯಾರೋಟಿನ್ ಅದರ ಕೊಬ್ಬಿನಲ್ಲಿ ಉಳಿಯುವುದೇ ಕಾರಣ. ಎಮ್ಮೆ ಅದನ್ನು ವಿಟಮಿನ್ ಎ ಆಗಿ ಮಾರ್ಪಡಿಸಿಬಿಡುವುದರಿಂದ ಎಮ್ಮೆಯ ಹಾಲು ಅಚ್ಚ ಬಿಳುಪು. ಆಡಿನ ಹಾಲಿನ ವಾಸನೆಗೆ ಅದರ ಕೊಬ್ಬಿನಲ್ಲಿರುವ ಕೆಲವು ಆಮ್ಲಗಳು ಕಾರಣ. ಇನ್ನು ಕೆಚ್ಚಲು ಬಾವು ಹತ್ತಿದರೆ ಹಾಲಿನ ಸಕ್ಕರೆ ಇಳಿದು ರಕ್ತದ ಸೋಡಿಯಂ, ಕ್ಲೋರೈಡ್ ಹಾಲಿಗೆ ಸೋರುತ್ತವೆ. "ಯಾಕೋ ಹಾಲು ಉಪ್ಪುಪ್ಪಾಗೈತಣ್ಣ" ಎಂದು ಮುಖ ಸಣ್ಣದು ಮಾಡಿಕೊಂಡು ಬಂದ ಅಜ್ಜಿಯರನ್ನು ನಾನು ಬಲ್ಲೆ. ಹಸು ನೋವು ಅನುಭವಿಸುತ್ತಿದೆ ಎಂದು ಅವರ ನಾಲಿಗೆಗೆ ಡಾಕ್ಟರಿಗಿಂತ ಮೊದಲೇ ಗೊತ್ತಾಗಿರುತ್ತಿತ್ತು.

ಹಸುವಿನ ತೊಗಲಿನ ಬಣ್ಣ ಹಾಲಿಗೆ ಇಳಿಯುವುದಿಲ್ಲ. ಅದು ತಿಂದದ್ದು ಇಳಿಯುತ್ತದೆ, ನೊಂದದ್ದು ಇಳಿಯುತ್ತದೆ. ಗಾದೆಯೂ ಉಪನಿಷತ್ತೂ ಮೊದಲನೆಯದನ್ನು ಹೇಳಿದವು, ಅದು ಹೇಳಲೇಬೇಕಾದ ಮಾತು. ಹುಟ್ಟಿನಿಂದ ಮನುಷ್ಯನನ್ನು ಅಳೆಯುವ ನಾಡಿನಲ್ಲಿ ಇಂದಿಗೂ ಹೇಳಬೇಕು. ಎರಡನೆಯದನ್ನೂ ಅದರ ಪಕ್ಕದಲ್ಲೇ ಇಡಬೇಕೆಂಬುದು ನನ್ನ ಆಸೆ. ಎಲ್ಲ ಧರ್ಮಗಳೂ ಒಂದೇ ಎಂದು ವೇದಿಕೆಗಳ ಮೇಲೆ ಹೇಳುವವರ ಸದುದ್ದೇಶದಲ್ಲಿ ನನಗೆ ಅನುಮಾನವಿಲ್ಲ. ಆದರೆ ಅವರಲ್ಲಿ ಹಲವರು ಇನ್ನೊಬ್ಬರ ಪ್ರಾರ್ಥನೆಯನ್ನು ಒಂದು ಸಲವೂ ಕೂತು ಕೇಳಿದವರಲ್ಲ. ಅವರು ಹೇಳುವ ಏಕತೆ ಪ್ಯಾಕೆಟ್ ಹಾಲಿನಂಥದ್ದು. ಊರಿನ ಹಾಲೆಲ್ಲ ತಂಪಾಗಿಡುವ ಬಿಎಂಸಿ ಟ್ಯಾಂಕಿನಲ್ಲಿ ಬೆರೆತು, ಮುಂದೆ ಶೇಕಡ 3 ಕೊಬ್ಬು, 8.5 ಕೊಬ್ಬೇತರ ಘನಾಂಶಕ್ಕೆ ಹದಗೊಂಡು ಪ್ಯಾಕೆಟ್ಟಾಗುತ್ತದೆ. ನಗರದ ಮಕ್ಕಳಿಗೆ ದಿನವೂ ಒಂದೇ ಗುಣದ ಹಾಲು ಸಿಗಲು ಅದು ಬೇಕು. ಆದರೆ ಅದು ಸರಾಸರಿ. ಅದರಲ್ಲಿ ಯಾವ ಹಸುವಿನ ನೋವೂ ನಾಲಿಗೆಗೆ ಹತ್ತುವುದಿಲ್ಲ. ಋಷಿ ಕಂಡ ಏಕತ್ವ ಇಂಥದ್ದಾಗಿರಲಾರದು.

ಹಾಗಾದರೆ ಎಂಥದ್ದು? ನನಗೆ ಇದರ ದಾರಿ ಸಿಕ್ಕಿದ್ದು ರುಚಿ ಬೇರೆಬೇರೆ ಏಕೆ ಎಂದು ಇನ್ನಷ್ಟು ಹಿಂದಕ್ಕೆ ಹೋಗಿ ಯೋಚಿಸಿದಾಗ. ಮೇವು, ಕಾಯಿಲೆ ಎಲ್ಲ ನಂತರದವು. ಮೂಲದಲ್ಲಿ ಪ್ರತಿ ಹಾಲೂ ಒಂದು ಮರಿಗಾಗಿ ಆದದ್ದು. ಉತ್ತರ ಅಟ್ಲಾಂಟಿಕದ ಹುಡೆಡ್ ಸೀಲ್ ಎಂಬ ಪ್ರಾಣಿ ತೇಲುವ ಮಂಜುಗಡ್ಡೆಯ ಮೇಲೆ ಮರಿ ಹಾಕಿ ಸುಮಾರು ನಾಲ್ಕೇ ದಿನ ಹಾಲೂಡಿಸುತ್ತದೆ. ಅಷ್ಟರಲ್ಲಿ ಮರಿ ಚಳಿ ತಡೆಯುವಷ್ಟು ಕೊಬ್ಬಬೇಕು, ಆದ್ದರಿಂದ ಆ ಹಾಲಿನಲ್ಲಿ ಶೇಕಡ 60ರಷ್ಟು ಕೊಬ್ಬು. ಹಸುವಿನ ಕರು ಹುಟ್ಟಿದ ದಿನವೇ ಎದ್ದು ನಿಂತು ಬೇಗ ಬೆಳೆಯುತ್ತದೆ. ಅದರ ಹಾಲಿನಲ್ಲಿ ಪ್ರೋಟೀನು ಶೇಕಡ ಮೂರಕ್ಕೂ ಹೆಚ್ಚು. ನಿಧಾನವಾಗಿ ಬೆಳೆಯುವ ಮನುಷ್ಯನ ಕೂಸಿಗೆ ಶೇಕಡ ಒಂದರಷ್ಟು ಪ್ರೋಟೀನು ಸಾಕು. ಆದರೆ ತಾಯಿಯ ಹಾಲಿನಲ್ಲಿ ಸಕ್ಕರೆ ಶೇಕಡ 7ರಷ್ಟು, ಹಸುವಿನದರಲ್ಲಿ ಐದೂ ಇರುವುದಿಲ್ಲ. ಈದ ಹಸುವಿನ ಮೊದಲ ದಿನಗಳ ಹಾಲು ಒಲೆಯ ಮೇಲೆ ಗಿಣ್ಣಾಗಿ ಗಟ್ಟಿಯಾಗುವುದೂ ಆಗತಾನೆ ಹುಟ್ಟಿದ ಕರುವಿಗೆ ರೋಗ ತಡೆಯುವ ಶಕ್ತಿ ಅದರಲ್ಲಿ ತುಂಬಿರುವುದರಿಂದಲೇ. ತನ್ನ ಮರಿಗೆ ಏನು ಬೇಕೆಂದು ಪ್ರತಿ ತಾಯಿಯ ಮೈಯೂ ಅರಿತಿದೆ. ಆ ಅರಿವು ಒಂದೇ ಆಗಿರುವುದರಿಂದಲೇ ರುಚಿಗಳು ಹಲವು. ಉಪನಿಷತ್ತಿನ ಮಾತು ನನಗೆ ನಿಜವಾಗುವುದು ಇಲ್ಲಿ.

ಗಾಂಧೀಜಿಯವರ ವ್ರತದ ಕಥೆ ನನ್ನನ್ನು ಕಾಡುವುದೂ ಇದೇ ಕಾರಣಕ್ಕೆ. ಕೊನೆಯ ಹನಿಯನ್ನೂ ಹಿಂಡಲು ಹಸು ಎಮ್ಮೆಗಳಿಗೆ ಕೊಡುತ್ತಿದ್ದ ಹಿಂಸೆಯ ವಿಷಯ ತಿಳಿದು, 1912ರಲ್ಲಿ ಅವರು ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಹಾಲು ಬಿಟ್ಟರು. 1918ರಲ್ಲಿ ಕಾಯಿಲೆ ಬಿದ್ದು ಸೊರಗಿ ಹೋದಾಗ, ಹಾಗಾದರೆ ಆಡಿನ ಹಾಲಿಗೆ ಅಡ್ಡಿಯಿಲ್ಲವಲ್ಲ ಎಂದವರು ಕಸ್ತೂರಬಾ. ಗಾಂಧೀಜಿ ಒಪ್ಪಿ ಕುಡಿದರು, ಬದುಕಿದರು. ಆದರೆ ವ್ರತದ ಅಕ್ಷರ ಉಳಿಯಿತು, ಆತ್ಮ ಹೋಯಿತು ಎಂಬ ಕೊರಗನ್ನು ಆತ್ಮಕಥೆಯಲ್ಲಿ ಬರೆದಿಟ್ಟರು. 1927ರಲ್ಲಿ ಅವರು ವಿಶ್ರಾಂತಿಗೆ ಬಂದಿದ್ದ ನಂದಿಬೆಟ್ಟವನ್ನು ದಿನವೂ ನೋಡುತ್ತಾ ನಾನು ಇದನ್ನು ಎಷ್ಟೋ ಸಲ ಯೋಚಿಸಿದ್ದೇನೆ. ಆಡಿನ ಹಾಲು ಬೇರೆಯೇ ಎಂಬುದು ನಾಲಿಗೆಯ ಮಟ್ಟಿಗೆ ಖಂಡಿತ ನಿಜ. ನನ್ನನ್ನು ಚುಚ್ಚುವುದು ಇನ್ನೊಂದು ನಿಜ: ಯಾವ ಹಾಲಾದರೂ ಒಂದು ಮರಿಯ ಪಾಲು. ಕರು ಬಾಯಿಟ್ಟ ಹಾಲನ್ನು ದೇವರಿಗೆ ಹೇಗೆ ಎರೆಯುವುದು ಎಂದು ವಚನದಲ್ಲಿ ಕೇಳಿದ ಬಸವಣ್ಣನವರೂ, ಆ ಹಾಲು ಮೊದಲು ಯಾರದೆಂಬುದನ್ನು ಮರೆತವರಲ್ಲ.

ನಾನು ಹಾಲು ಬಿಟ್ಟಿಲ್ಲ, ಬಿಡಿ ಎಂದು ಯಾರಿಗೂ ಹೇಳುವುದೂ ಇಲ್ಲ. ನಮ್ಮ ಕಡೆ ಎಷ್ಟೋ ಮನೆಗಳ ಒಲೆ ಉರಿಯುವುದೇ ಹಾಲಿನ ಬಟವಾಡೆಯಿಂದ. ಆದರೆ ಹಿಂದೆ ಒಂದು ಮೊಲೆಯನ್ನು ಕರುವಿಗೆಂದೇ ಕರೆಯದೆ ಬಿಡುತ್ತಿದ್ದರು. ಈಗ ಸೀಮೆ ಹಸು ಗಂಡು ಕರು ಹಾಕಿದರೆ ಅದಕ್ಕೆ ಗಿಣ್ಣು ಕುಡಿಸುವಷ್ಟು ದಿನವೂ ಕಾಯದೆ ಹೊರಗಟ್ಟುವವರಿದ್ದಾರೆ. ಅಂಥ ಮನೆಯಿಂದಲೂ ಹಬ್ಬದ ದಿನ ಅಭಿಷೇಕಕ್ಕೆ ತಂಬಿಗೆ ತುಂಬ ಹಾಲು ಬರುತ್ತದೆ. ನಮ್ಮೂರ ಗುಡಿಯ ಸಮಿತಿಯಲ್ಲಿ ನಾನು ಕೇಳುತ್ತಿರುವುದು ಇಷ್ಟೇ: ಅಭಿಷೇಕಕ್ಕೆ ಹಾಲು ತರುವವರನ್ನು ಜಾತಿ, ಗೋತ್ರ ಕೇಳಬೇಡಿ, ಕರು ಕುಡಿಯಿತೇ ಎಂದು ಕೇಳಿ.