ತೇಲುವ ಪೆನ್ನು, ಕಾಣದ ಗಾಜು

ನಿದ್ದೆ ಹೋದ ಪ್ರಯಾಣಿಕನ ಪೆನ್ನೊಂದು ಗಾಳಿಯಲ್ಲಿ ತೇಲುತ್ತಾ ನಿಧಾನವಾಗಿ ತಿರುಗುತ್ತಿರುತ್ತದೆ. ಗಗನಸಖಿ ಎಚ್ಚರದಿಂದ ಹೆಜ್ಜೆಯೂರುತ್ತಾ ಬಂದು ಅದನ್ನು ಹಿಡಿದು ಅವನ ಜೇಬಿಗೆ ಸಿಕ್ಕಿಸಿ ಹೋಗುತ್ತಾಳೆ. ಸ್ಟ್ಯಾನ್ಲಿ ಕುಬ್ರಿಕ್‌ನ ‘2001: ಎ ಸ್ಪೇಸ್ ಒಡಿಸ್ಸಿ’ (1968) ಸಿನಿಮಾದ ಈ ದೃಶ್ಯವನ್ನು ಮೊದಲ ಸಲ ನೋಡಿದಾಗ ದಾರ ಕಟ್ಟಿರಬೇಕು ಅಂದುಕೊಂಡಿದ್ದೆ. ದಾರ ಇಲ್ಲ. ಕ್ಯಾಮೆರಾದ ಮುಂದೆ ದೊಡ್ಡದೊಂದು ಗಾಜು ಇಟ್ಟು, ಪೆನ್ನನ್ನು ಅದಕ್ಕೆ ಅಂಟಿಸಿ, ಗಾಜನ್ನೇ ತಿರುಗಿಸಿದ್ದಾರೆ. ಆಕೆ ಪೆನ್ನನ್ನು ಹಿಡಿಯುವುದಿಲ್ಲ, ಕೀಳುತ್ತಾಳೆ.

ಇಷ್ಟು ಸರಳವಾದ ಉಪಾಯ ಹೊಳೆಯಬೇಕಾದರೆ ಎಷ್ಟು ತಲೆಕೆಡಿಸಿಕೊಂಡಿರಬೇಕು ಎಂದು ಖುಷಿಯಾಯಿತು. ಆಮೇಲೆ ಇನ್ನೊಂದು ಸಂಗತಿ ತಿಳಿದು ಆ ಖುಷಿಗೆ ಸ್ವಲ್ಪ ಹುಳಿ ಸೇರಿತು.

ಈ ಸಿನಿಮಾಕ್ಕೆ ಸಿಕ್ಕಿದ್ದು ಒಂದೇ ಒಂದು ಆಸ್ಕರ್, ವಿಶೇಷ ದೃಶ್ಯ ಪರಿಣಾಮಗಳಿಗಾಗಿ. ಅದನ್ನು ಪಡೆದವನು ಕುಬ್ರಿಕ್, ಅವನೊಬ್ಬನೇ. ಅವನ ಬದುಕಿನಲ್ಲೂ ಅದೊಂದೇ ಆಸ್ಕರ್. ತೆರೆಯ ಮೇಲೆ ಎಫೆಕ್ಟ್‌ಗಳ ಮೇಲ್ವಿಚಾರಕರೆಂದು ವಾಲಿ ವೀವರ್ಸ್, ಡಗ್ಲಾಸ್ ಟ್ರಂಬಲ್, ಕಾನ್ ಪೆಡರ್ಸನ್, ಟಾಮ್ ಹೋವರ್ಡ್ ಎಂಬ ನಾಲ್ಕು ಹೆಸರುಗಳಿವೆ. ಆದರೆ ಅವುಗಳ ವಿನ್ಯಾಸ ಮತ್ತು ನಿರ್ದೇಶನದ ಮುಂದೆ ಇರುವುದು ಕುಬ್ರಿಕ್‌ನ ಹೆಸರು.

ಟ್ರಂಬಲ್ ಈ ಕೆಲಸಕ್ಕೆ ಸೇರಿದಾಗ ಅವನಿಗೆ 23 ವರ್ಷ. ಮೊದಮೊದಲು ನೌಕೆಯೊಳಗಿನ ಕಂಪ್ಯೂಟರ್ ಪರದೆಗಳ ಮೇಲೆ ಓಡುವ ಅಂಕಿ, ಗೆರೆಗಳನ್ನು ಮಾಡುತ್ತಿದ್ದವನು, ಕೊನೆಗೆ ಗಗನಯಾತ್ರಿ ಬಣ್ಣಗಳ ಸುರಂಗದೊಳಕ್ಕೆ ಧುಮುಕುವ ಆ ಪ್ರಸಿದ್ಧ ದೃಶ್ಯಕ್ಕೆ ‘ಸ್ಲಿಟ್-ಸ್ಕ್ಯಾನ್’ ಯಂತ್ರ ಕಟ್ಟಿದ. ಒಂದು ಕಪ್ಪು ಹಲಗೆಯಲ್ಲಿ ಸಣ್ಣ ಸೀಳು. ಅದರ ಹಿಂದೆ ಬೆಳಕು ಹಾಯುವ ಚಿತ್ರಗಳು. ಕ್ಯಾಮೆರಾದ ಷಟರ್ ತೆರೆದೇ ಇಟ್ಟು ಅದನ್ನು ಸೀಳಿನ ಕಡೆಗೆ ನಡೆಸುತ್ತಾರೆ, ಹಿಂದೆ ಚಿತ್ರಗಳೂ ಸರಿಯುತ್ತಿರುತ್ತವೆ. ಅಷ್ಟು ಹೊತ್ತಿನ ಬೆಳಕೆಲ್ಲ ಒಂದೇ ಫ್ರೇಮಿನಲ್ಲಿ ಉಜ್ಜಿದ ಬಣ್ಣದಂತೆ ಕೂತುಬಿಡುತ್ತದೆ. ಮುಂದಿನ ಫ್ರೇಮಿಗೆ ಮತ್ತೆ ಮೊದಲಿಂದ. ತೆರೆಯ ಮೇಲಿನ ಒಂದು ಸೆಕೆಂಡಿಗೆ 24 ಫ್ರೇಮು, ಲೆಕ್ಕ ನೀವೇ ಹಾಕಿ.

ಹಾಗಾದರೆ ಕುಬ್ರಿಕ್ ಕದ್ದನೇ? ಅಷ್ಟು ಸುಲಭವಾಗಿ ಹೇಳಲಾರೆ. ಚಿತ್ರಗಳ ಗುಣಮಟ್ಟ ಒಂದಿಷ್ಟೂ ಕೆಡಬಾರದೆಂದು ಮೂಲ ನೆಗೆಟಿವನ್ನು ಸಂಸ್ಕರಿಸದೆ ಹಾಗೇ ಕಾದಿಟ್ಟು, ತಿಂಗಳುಗಳ ನಂತರ ಅದೇ ಫಿಲ್ಮಿನ ಮೇಲೆ ನಕ್ಷತ್ರಗಳನ್ನೋ ಇನ್ನೊಂದು ನೌಕೆಯನ್ನೋ ಸೇರಿಸುತ್ತಿದ್ದರು. ಒಂದು ಕಡೆ ತಪ್ಪಿದರೆ ಅಲ್ಲಿಯವರೆಗಿನ ಕೆಲಸವೆಲ್ಲ ನೀರುಪಾಲು. ಇಂಥ ಜೂಜಿಗೆ ಜವಾಬ್ದಾರಿ ಹೊತ್ತವನು ಅವನು. ‘ಇದು ಸಾಲದು, ಮತ್ತೆ ಮಾಡಿ’ ಎನ್ನುವವನಿಲ್ಲದಿದ್ದರೆ ಆ ಸುರಂಗ ಹುಟ್ಟುತ್ತಲೇ ಇರಲಿಲ್ಲ. ‘ಸಾಲದು’ ಎನ್ನುವುದೂ ಒಂದು ಸೃಷ್ಟಿಯೇ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ.

ಇನ್ನೊಂದು ತೊಡಕೂ ಇದೆ. ಸೀಳಿನ ಯೋಚನೆ ಟ್ರಂಬಲ್‌ನದ್ದೇ ಅಲ್ಲ. ಜಾನ್ ವಿಟ್ನಿ ಎಂಬ ಪ್ರಯೋಗಶೀಲ ಚಿತ್ರಕಾರ ಅದಕ್ಕೂ ಮೊದಲೇ ಅಂಥದ್ದನ್ನು ಮಾಡಿದ್ದ, ಅದರ ಸುದ್ದಿ ಟ್ರಂಬಲ್‌ಗೆ ತಲುಪಿತ್ತು. ವಿಟ್ನಿಯಾದರೋ ತನ್ನ ಯಂತ್ರವನ್ನು ಕಟ್ಟಿಕೊಂಡದ್ದು ಯುದ್ಧ ಮುಗಿದು ಮೂಲೆಗೆ ಬಿದ್ದಿದ್ದ ವಿಮಾನನಿರೋಧಕ ಫಿರಂಗಿಗಳ ಗುರಿ ಲೆಕ್ಕಹಾಕುವ ಉಪಕರಣಗಳಿಂದ. ಎಳೆಯುತ್ತಾ ಹೋದರೆ ನೂಲಿಗೆ ಕೊನೆಯೇ ಇಲ್ಲ. ಆದರೆ ‘ಎಲ್ಲರೂ ಎಲ್ಲರಿಂದ ಪಡೆದವರೇ’ ಎಂಬ ಮಾತು ಯಾವಾಗಲೂ ಪ್ರಶಸ್ತಿ ಕೈಯಲ್ಲಿರುವವರ ಬಾಯಿಗೆ ಚೆನ್ನಾಗಿ ಒಪ್ಪುತ್ತದೆ, ಅದೇ ನನ್ನ ಅನುಮಾನ.

ಈ ಕಸುಬಿನದೊಂದು ವಿಚಿತ್ರ ನೋಡಿ. ನಟ ಚೆನ್ನಾಗಿ ಮಾಡಿದರೆ ನಟ ಕಾಣುತ್ತಾನೆ. ಎಫೆಕ್ಟ್ ಮಾಡುವವನು ಚೆನ್ನಾಗಿ ಮಾಡಿದರೆ ಅವನೇ ಅಳಿಸಿಹೋಗುತ್ತಾನೆ. ಇದೇ ಸಿನಿಮಾದ ಆರಂಭದ ವಾನರರನ್ನು ರೂಪಿಸಿದವನು ಸ್ಟುವರ್ಟ್ ಫ್ರೀಬಾರ್ನ್. ಆ ವರ್ಷ ಮೇಕಪ್‌ಗೆಂದು ಗೌರವ ಆಸ್ಕರ್ ಹೋದದ್ದು ‘ಪ್ಲಾನೆಟ್ ಆಫ್ ದಿ ಏಪ್ಸ್’ನ ಜಾನ್ ಚೇಂಬರ್ಸ್‌ಗೆ. ನಮ್ಮ ವಾನರರು ನಿಜವಾದ ವಾನರರೇ ಎಂದು ತೀರ್ಪುಗಾರರು ತಿಳಿದಿರಬೇಕು ಎಂದು ಚಿತ್ರಕಥೆಯಲ್ಲಿ ಪಾಲಿದ್ದ ಆರ್ಥರ್ ಕ್ಲಾರ್ಕ್ ಚೇಷ್ಟೆ ಮಾಡಿದ್ದುಂಟು. ನಗು ಬರುತ್ತದೆ ನಿಜ, ಆದರೆ ಫ್ರೀಬಾರ್ನ್‌ನ ಜಾಗದಲ್ಲಿ ನಿಂತು ನೋಡಿದರೆ ಅಷ್ಟು ಬರುವುದಿಲ್ಲ.

ಕೆಲಸವೇ ತನ್ನನ್ನು ಮಾಡಿದವನ ಪರವಾಗಿ ಸಾಕ್ಷಿ ಹೇಳಲಾರದಾಗ, ಸಾಕ್ಷಿ ಹೇಳಬೇಕಾದವರು ಯಾರು? ಪ್ರೇಕ್ಷಕರಂತೂ ಅಲ್ಲ, ಅವರನ್ನು ನಂಬಿಸಲೆಂದೇ ಇಷ್ಟೆಲ್ಲ ನಡೆದದ್ದು. ಪಕ್ಕದಲ್ಲಿ ನಿಂತು ಎಲ್ಲವನ್ನೂ ಕಂಡವನು ಒಬ್ಬನೇ, ಮಾಡಿಸಿದವನು. ಪೆನ್ನು ಗಾಜಿಗೆ ಅಂಟಿದೆ ಎಂದು ಪ್ರೇಕ್ಷಕನಿಗೆ ಹೇಳದಿರುವುದು ಸುಳ್ಳಲ್ಲ, ಟಿಕೆಟ್ ಕೊಂಡವನೂ ಆ ಆಟಕ್ಕೆ ಒಪ್ಪಿ ಬಂದಿರುತ್ತಾನೆ. ಪರದೆ ಬಿದ್ದು, ದೀಪ ಹತ್ತಿ, ಹೆಸರು ಕರೆಯುವ ಹೊತ್ತಿಗೆ ಆ ಒಪ್ಪಂದ ಮುಗಿದಿರುತ್ತದೆ. ಅಲ್ಲಿಯೂ ಗಾಜು ಕಾಣದಂತೆ ನಿಂತರೆ ಅದು ಬೇರೆಯೇ ಜಾತಿಯ ಮರೆಮಾಚುವಿಕೆ. ಕುಬ್ರಿಕ್ ತಪ್ಪಿದ್ದು ಇಲ್ಲಿ ಎಂದು ನನಗನ್ನಿಸುತ್ತದೆ, ಸಿನಿಮಾದೊಳಗೆ ಅಲ್ಲ.

ಟ್ರಂಬಲ್ ಮುಂದೆ ‘ಕ್ಲೋಸ್ ಎನ್‌ಕೌಂಟರ್ಸ್’, ‘ಬ್ಲೇಡ್ ರನ್ನರ್’ ಚಿತ್ರಗಳಿಗೆ ಕೆಲಸ ಮಾಡಿದ, ನಾಮನಿರ್ದೇಶನಗಳೂ ಬಂದವು. ತಂತ್ರಜ್ಞಾನದ ಸಾಧನೆಗೆಂದು ಅಕಾಡೆಮಿ ಅವನನ್ನು ಗೌರವಿಸಿತಾದರೂ ದೃಶ್ಯ ಪರಿಣಾಮಗಳ ಸ್ಪರ್ಧೆಯ ಆಸ್ಕರ್ ಮಾತ್ರ ಬರಲೇ ಇಲ್ಲ. ಕುಬ್ರಿಕ್ ಎಫೆಕ್ಟ್‌ಗಳನ್ನು ನಿರ್ದೇಶಿಸಿದ, ಸೃಷ್ಟಿಸಲಿಲ್ಲ ಎಂಬ ಅರ್ಥದ ಮಾತನ್ನು ಇಳಿವಯಸ್ಸಿನಲ್ಲಿ ಆಡಿದ. ಕುಬ್ರಿಕ್ ಆಗಲೇ ತೀರಿಹೋಗಿದ್ದ. 2022ರಲ್ಲಿ ಟ್ರಂಬಲ್ ಕೂಡ ತೀರಿಕೊಂಡ.

ಮೊನ್ನೆ ಆ ಪೆನ್ನಿನ ದೃಶ್ಯವನ್ನು ಮತ್ತೆ ಹಾಕಿಕೊಂಡು ನೋಡಿದೆ. ಈ ಸಲ ಕಣ್ಣು ಹೋದದ್ದು ಆಕೆಯ ಬೆರಳುಗಳ ಕಡೆಗೆ. ಪೆನ್ನು ಬಿಟ್ಟುಕೊಳ್ಳುವಾಗ ಒಂದು ಚೂರು ಜಗ್ಗಿದಂತೆ ಇದೆ. ಗಾಜು ಕಾಣುವುದಿಲ್ಲ, ಅದನ್ನು ತಿರುಗಿಸುತ್ತಿದ್ದ ಕೈ ಚೌಕಟ್ಟಿನ ಆಚೆ ಇದೆ.