ತಿಳಿಯ ಪಾಲು, ಬೇಳೆಯ ಪಾಲು

1878ರಲ್ಲಿ ಜನಿಸಿ 94 ವರ್ಷ ಬಾಳಿದ ರಾಜಾಜಿಯವರ ಹುಟ್ಟೂರು ನಮ್ಮ ತೊರಪಲ್ಲಿ ಅಗ್ರಹಾರ. ದೀರ್ಘಾಯುಷ್ಯವನ್ನು ಗೌರವಿಸುವ ನಾವು, ಹಿರಿಯರು ಕಡಿಮೆ ಉಣ್ಣುವುದನ್ನೂ ಸದ್ಗುಣವೆಂದೇ ಎಣಿಸುತ್ತೇವೆ. ನಮ್ಮ ತಾಯಿ ಸಾರಿನ ಬೇಳೆಯನ್ನು ಮಕ್ಕಳಿಗೆ ಬಡಿಸಿ, ಉಳಿದ ತಿಳಿಯಲ್ಲಿ ತಾವು ಅನ್ನ ಕಲಸಿಕೊಳ್ಳುತ್ತಿದ್ದರು. ಕಡೆಗಾಲದಲ್ಲಿ ಬಾಗಿಲ ಚೌಕಟ್ಟು ಹಿಡಿಯದೆ ಏಳಲಾರದಾದರು. ವಯಸ್ಸಾಯಿತೆಂದು ನಾವು ಸುಮ್ಮನಾದೆವು.

ಉಂಡ ಪ್ರೋಟೀನು ಅಮೈನೋ ಆಮ್ಲಗಳಾಗಿ ಒಡೆದು ರಕ್ತವನ್ನು ಸೇರುತ್ತದೆ. ಅವುಗಳಲ್ಲಿ 9 ಬಗೆಯವನ್ನು ದೇಹ ತಾನೇ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಬರಬೇಕು. ಅದು ಸಾಲದಾದಾಗ, ಅಥವಾ ದೀರ್ಘ ಕಾಯಿಲೆ ಹಿಡಿದಾಗ, ಸ್ನಾಯುಗಳು ಕರಗಿ ಯಕೃತ್ತಿಗೂ ರೋಗದೊಡನೆ ಹೋರಾಡುವ ಕಣಗಳಿಗೂ ಆ ಆಮ್ಲಗಳನ್ನು ಒದಗಿಸುತ್ತವೆ. ಮುಪ್ಪಿನಲ್ಲಿ ಸ್ನಾಯು ಕಟ್ಟುವ ಶಕ್ತಿಯೂ ಮಂದವಾಗುತ್ತದೆ. ಆದ್ದರಿಂದಲೇ ಆರೋಗ್ಯವಂತ ಹಿರಿಯರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನು ಬೇಕೆನ್ನುತ್ತಾರೆ ತಜ್ಞರು. ಮೂತ್ರಪಿಂಡದ ರೋಗವುಳ್ಳವರು ಮಾತ್ರ ವೈದ್ಯರ ಮಾತಿನಂತೆ ನಡೆಯಬೇಕು.

ಹಾಗಾದರೆ ಸಂಯಮವೇ ತಪ್ಪೆ? ತಾನಾಗಿ ಬಿಡುವುದು ಸಂಯಮ. ಮನೆಯವರು ಗಮನಿಸದೆ ತಪ್ಪಿಹೋಗುವುದು ಅನಾದರ. ಎರಡೂ ಎಲೆಯ ಮೇಲೆ ಒಂದೇ ಬಗೆಯಾಗಿ ಕಾಣುತ್ತವೆ. ಅಮ್ಮನದು ಯಾವುದಾಗಿತ್ತೆಂದು ನಾನು ಒಮ್ಮೆಯೂ ಕೇಳಲಿಲ್ಲ. ಶಾಲೆಯಲ್ಲಿ ನೂರಾರು ಮಕ್ಕಳ ಹಾಜರಿ ಕರೆದವನು, ಮನೆಯ ಒಂದು ಎಲೆಯತ್ತ ನೋಡಲಿಲ್ಲ.

ಈಗ ಎಪ್ಪತ್ತು ದಾಟಿದ ನನಗೆ ಸೊಸೆ ಹುರುಳಿ, ಅವರೆಕಾಳಿನ ಸಾರನ್ನು ತಳದಿಂದ ಕದಡಿ ಬಡಿಸುತ್ತಾಳೆ. ಬೇಡವೆನ್ನಲು ನಾಚಿಕೆಯಾಗುತ್ತದೆ. ಉಂಡದ್ದು ಬಲವಾಗಲೆಂದು ಸಂಜೆ ನಡೆಯುತ್ತೇನೆ. ಬಂಧುಗಳೇ, ಹಿರಿಯರಿಗೆ ಬಡಿಸುವಾಗ ಸೌಟನ್ನು ತಳಕ್ಕೆ ಇಳಿಸಿರಿ.