ಮೂರನೇ ಶೀಲ ನಮ್ಮ ಮನೆಯೊಳಗೂ ಇದೆ

*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ,

ಪಂಚಶೀಲ ಹೇಳುವಾಗ ಮೂರನೇ ಶೀಲ ಬಂದರೆ ನಮ್ಮ ಗಂಡಸರಿಗೆ ಒಂದು ನೆಮ್ಮದಿ. 'ಪರಸ್ತ್ರೀ ಕಡೆ ನೋಡಿದವನಲ್ಲ, ಈ ಶೀಲದಲ್ಲಿ ನಾನು ಪಾಸು' ಎಂದುಕೊಳ್ಳುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದೆ.

ಎರಡನೇ ಮಗುವಾದ ಮೇಲೆ ನಮ್ಮ ಮನೆಯವರು ರಾತ್ರಿ ಹೊತ್ತು ಮಾತು ಕಡಿಮೆ ಮಾಡಿದರು. ಸುಮ್ಮನಿದ್ದಾರೆ ಎಂದರೆ ಒಪ್ಪಿಗೆ ಎಂದು ತಿಳಿದೆ. ವರ್ಷ ಕಳೆದು ಒಂದು ರಾತ್ರಿ ಅಳುತ್ತಾ ಅಂದರು: “ಇಸ್ಕೂಲಲ್ಲಿ ಮಕ್ಕಳಿಗೆ ದಿನಕ್ಕೆ ನೂರು ಸಲ ಅರ್ಥ ಆಯ್ತಾ ಅಂತ ಕೇಳ್ತೀರಿ. ನಂಗೆ ನೋವಾಯ್ತದಾ, ಇಷ್ಟ ಅದಾ ಅಂತ ಒಂದ್ ದಿನಾನಾದ್ರೂ ಕೇಳುದ್ರಾ?” ನನ್ನ ಬಾಯಿ ಕಟ್ಟಿತು. ಇದನ್ನು ಗುಂಪಿನಲ್ಲಿ ಬರೆಯಲೇ ಎಂದು ಅವರನ್ನೇ ಕೇಳಿದೆ. “ಬರೀರಿ, ನಾಕು ಮನೆಗೆ ಒಳ್ಳೇದಾಗ್ಲಿ” ಅಂದರು.

ಆಮೇಲೆ ದೀಘನಿಕಾಯದ 31ನೇ ಸುತ್ತ, ಸಿಗಾಲೋವಾದವನ್ನು ಮತ್ತೆ ಓದಿದೆ. ಗಂಡ ಹೆಂಡತಿಗೆ ಸಲ್ಲಿಸಬೇಕಾದ ಐದು ಕರ್ತವ್ಯಗಳನ್ನು ತಥಾಗತರು ಅಲ್ಲಿ ಹೇಳಿದ್ದಾರೆ. ಒಂದು, ಗೌರವ ಕೊಡುವುದು. ಎರಡು, ಅವಮಾನ ಮಾಡದಿರುವುದು. ಮೂರು, ನಿಷ್ಠೆಯಿಂದಿರುವುದು. ನಾಲ್ಕು, ಮನೆಯ ಅಧಿಕಾರ ಒಪ್ಪಿಸುವುದು. ಐದು, ಒಡವೆ ಕೊಡುವುದು. ನಾನು ಮೂರನೆಯದನ್ನಷ್ಟೇ ಹಿಡಿದುಕೊಂಡು, ಅದಕ್ಕೂ ಮುಂಚಿನ ಎರಡನ್ನು ಮರೆತಿದ್ದೆ. ಬೇಡವೆಂಬ ಮನಸ್ಸನ್ನು ತುಳಿದರೆ ಅದೂ ಅವಮಾನವೇ, ತಾಳಿ ಕಟ್ಟಿದವನು ಮಾಡಿದರೂ.

ನಕುಲಪಿತ–ನಕುಲಮಾತ ದಂಪತಿಯನ್ನು ನೆನೆಯೋಣ. ನಕುಲಪಿತ ಕಾಯಿಲೆ ಬಿದ್ದಾಗ ಅವನು ಬಾಯಿಬಿಟ್ಟು ಹೇಳದ ಚಿಂತೆಗಳನ್ನೂ ಆಕೆ ಒಂದೊಂದಾಗಿ ಎತ್ತಿ ಮಾತಾಡಿದಳು. ಹತ್ತಿ ನೂತು ಮಕ್ಕಳನ್ನು ಸಾಕುತ್ತೇನೆ, ಬೇರೆ ಮನೆ ಸೇರುವುದಿಲ್ಲ, ಚಿಂತೆ ಹೊತ್ತು ಸಾಯಬೇಡ ಎಂದಳು. ಅವನು ಚೇತರಿಸಿಕೊಂಡ. ಇಂಥ ಹೆಂಡತಿ ಸಿಕ್ಕಿದ್ದು ನಿನ್ನ ಭಾಗ್ಯ ಎಂದು ಬುದ್ಧರೇ ಅವನಿಗೆ ಹೇಳಿದರು. ಗಂಡ ಹೆಂಡಿರ ನಡುವೆ ಬಿಚ್ಚುಮಾತು ಔಷಧಿ.

ಬಾಬಾಸಾಹೇಬರು 1942ರ ಜುಲೈ 20ರಂದು ನಾಗಪುರದ ದಲಿತ ಮಹಿಳಾ ಸಮ್ಮೇಳನದಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಏನು ಹೇಳಿದರು? ಮದುವೆಯಾದವಳು ಗಂಡನಿಗೆ ಗೆಳತಿಯಾಗಿ, ಸಮಾನಳಾಗಿ ನಿಲ್ಲಬೇಕು, ದಾಸಿಯಾಗಲು ಒಪ್ಪಬಾರದು ಎಂದು. ಊರಿನವರ ಮುಂದೆ ಸಮಾನತೆ ಕೇಳುವ ನಾವು, ಬಾಗಿಲು ಹಾಕಿಕೊಂಡ ಮೇಲೆ ಅದನ್ನು ಹೊರಗೇ ಬಿಡುವುದು ಯಾವ ನ್ಯಾಯ? 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಲೈಂಗಿಕ ದೌರ್ಜನ್ಯವೂ ಸೇರಿದೆ. ಆದರೆ ಕಾನೂನಿನ ಭಯಕ್ಕಿಂತ ಮೊದಲು ಮೈತ್ರಿ ಇರಲಿ.

*ಇಂದಿನ ಅಭ್ಯಾಸ:*
🔹 ಮಲಗುವ ಮುಂಚೆ ಮೊಬೈಲು ಪಕ್ಕಕ್ಕಿಟ್ಟು ಹತ್ತು ನಿಮಿಷ ಮಾತಾಡಿ.
🔹 ಕೇಳಿ. 'ಇವತ್ತು ಬೇಡ' ಎಂದರೆ ಮುಖ ಊದಿಸಿಕೊಳ್ಳಬೇಡಿ. ಗಂಡನಿಗೂ ಆಯಾಸವಿರುತ್ತದೆ, ಅವನೂ ಬೇಡ ಅನ್ನಬಹುದು.
🔹 ಕುಡಿದು ಬಂದು ಕೇಳಿದ್ದು ಕೇಳಿದ ಹಾಗಲ್ಲ. ಐದನೇ ಶೀಲ ಮುರಿದರೆ ಮೂರನೆಯದು ಉಳಿಯುವುದು ಕಷ್ಟ.
🔹 ತಾಯಂದಿರೇ, ಅಕ್ಕಂದಿರೇ, ಇಷ್ಟವನ್ನೂ ಹೇಳಿ. ಅದರಲ್ಲಿ ನಾಚಿಕೆಪಡುವಂಥದ್ದಿಲ್ಲ.
🔹 ನೋವಿದ್ದರೆ ಸಹಿಸಬೇಡಿ, ಇಬ್ಬರೂ ಕೂಡಿ ಡಾಕ್ಟರ ಹತ್ತಿರ ಹೋಗಿ.

ನಮ್ಮ ಮನೆಯಲ್ಲಿ ಎಲ್ಲ ಸರಿಹೋಯಿತು ಎನ್ನಲಾರೆ. ಆದರೆ ಈಗ ನಾನು ಕೇಳುತ್ತೇನೆ, ಅವರು ಹೇಳುತ್ತಾರೆ. ನಗುವುದೂ ಉಂಟು.

ಎಲ್ಲರಿಗೂ ಮಂಗಳವಾಗಲಿ. ☸️
*ಜೈ ಭೀಮ್*
– ಧಮ್ಮ ಅಧ್ಯಯನ ಬಳಗ, ಪುಣಜನೂರು